ಧರ್ಮದ ದಟ್ಟಿಗೆ ಮೊಳ ಹಾಕುವವರು: ಸ್ವಯಂಸೇವಕರ ತಂತ್ರಾಂಶಕ್ಕೆ ದೂರುಗಳೇ ಭಾರವಾದಾಗ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ! ಈ ಗಾದೆಯನ್ನು ಸ್ವೀಡನ್ ದೇಶದ ಡ್ಯಾನಿಯಲ್ ಸ್ಟೆನ್‌ಬರ್ಗ್ ಕೇಳಿರಲಿಕ್ಕಿಲ್ಲ. ಕೇಳಿದ್ದರೆ ತಲೆಯಾಡಿಸುತ್ತಿದ್ದರು. ಅವರು ನಡೆಸುವ ‘ಕರ್ಲ್’ ಎಂಬ ತಂತ್ರಾಂಶದ ಬಳಗ, ಭದ್ರತಾ ದೋಷ ಹುಡುಕಿ ಕೊಟ್ಟವರಿಗೆ 2019ರಿಂದ ನೀಡುತ್ತಾ ಬಂದಿದ್ದ ನಗದು ಬಹುಮಾನವನ್ನು 2026ರ ಜನವರಿ ಕೊನೆಗೆ ನಿಲ್ಲಿಸಿಬಿಟ್ಟಿತು. ಇದಕ್ಕೆ ಹಣದ ಕೊರತೆ ಕಾರಣವಲ್ಲ. ಬರುತ್ತಿದ್ದ ದೂರುಗಳಲ್ಲಿ ಹುರುಳಿಲ್ಲದವು ವಿಪರೀತವಾಗಿ, ಅವುಗಳನ್ನು ಓದಿ ಓದಿಯೇ ಬಳಗ ಸುಸ್ತಾಗಿತ್ತು.

ಮೇಲ್ನೋಟಕ್ಕೆ ಇದು ನಮ್ಮ ಗಡಿನಾಡಿನ ಹಳ್ಳಿಗಳಿಗೆ ಸಂಬಂಧಪಟ್ಟ ಸುದ್ದಿಯೇ ಅಲ್ಲ. ಆದರೆ ಕಿಸೆಯಲ್ಲಿರುವ ಮೊಬೈಲನ್ನೊಮ್ಮೆ ನೆನಪಿಸಿಕೊಳ್ಳಿ. ಒಂದು ಯಂತ್ರ ಅಂತರ್ಜಾಲದ ಮೂಲಕ ಇನ್ನೊಂದು ಯಂತ್ರದಿಂದ ಏನನ್ನಾದರೂ ತರಿಸಿಕೊಳ್ಳಬೇಕಾದರೆ, ಆ ತರುವ ಕೆಲಸ ಮಾಡುವ ಕೂಲಿಯಾಳು ಬಹಳ ಕಡೆ ಈ ಕರ್ಲ್. ಫೋನು, ಟಿ.ವಿ., ಕಾರು, ಬ್ಯಾಂಕಿನ ಸರ್ವರ್ ಎಲ್ಲೆಡೆ ಅದು ಅಡಗಿ ಕುಳಿತಿದೆ. ಜಗತ್ತಿನಲ್ಲಿ ಇದರ 2000 ಕೋಟಿಗೂ ಹೆಚ್ಚು ಪ್ರತಿಗಳು ಬಳಕೆಯಲ್ಲಿವೆ ಎಂಬುದು ಸ್ಟೆನ್‌ಬರ್ಗ್ ಅವರ ಅಂದಾಜು. ಭೂಮಿಯ ಜನಸಂಖ್ಯೆಯ ಎರಡು ಪಟ್ಟಿಗಿಂತಲೂ ಹೆಚ್ಚು! ಇದಕ್ಕೆ ಯಾರೂ ಒಂದು ಕಾಸೂ ಕೊಡಬೇಕಾಗಿಲ್ಲ. 1998ರ ಮಾರ್ಚ್‌ನಲ್ಲಿ ಈ ಹೆಸರಿನಲ್ಲಿ ಹೊರಬಂದ ತಂತ್ರಾಂಶವನ್ನು ಅಂದಿನಿಂದ ಇಂದಿನವರೆಗೆ ಸ್ಟೆನ್‌ಬರ್ಗ್ ಮತ್ತು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದಾರೆ. ಸ್ಟೆನ್‌ಬರ್ಗ್ ಅವರಿಗೆ ಇದೇ ಕೆಲಸಕ್ಕೆ ಸಂಬಳ ಕೊಡುವ ಒಂದು ಕಂಪೆನಿ ಸಿಕ್ಕಿದ್ದು 2019ರಲ್ಲಿ. ಉಳಿದ ಹೆಚ್ಚಿನವರು ತಮ್ಮ ಉದ್ಯೋಗ, ಮನೆ, ಮಕ್ಕಳ ನಡುವೆ ಸಿಕ್ಕ ಸಮಯದಲ್ಲಿ ಕೈಜೋಡಿಸುವವರು.

ಕೇರಳದ ಶಾಲೆಗಳಲ್ಲಿ ಕಲಿತ ಕಾಸರಗೋಡಿನ ಮಕ್ಕಳಿಗೆ ಇಂತಹ ತಂತ್ರಾಂಶ ಹೊಸತಲ್ಲ. ಅಲ್ಲಿ ಇದನ್ನು ‘ಸ್ವತಂತ್ರ ಸಾಫ್ಟ್‌ವೇರ್’ ಎನ್ನುತ್ತಾರೆ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ, 2017ರಿಂದ ‘ಕೈಟ್’ ಎಂಬ ಸಂಸ್ಥೆಯಾಗಿ, ಶಾಲಾ ಗಣಕಯಂತ್ರಗಳಲ್ಲಿ ಲಿನಕ್ಸನ್ನೇ ಬಳಸುತ್ತಾ ಬಂದಿದೆ. ಕನ್ನಡ ಮಾಧ್ಯಮದ ಮಕ್ಕಳ ಐಸಿಟಿ ಪುಸ್ತಕವೂ ಅದನ್ನೇ ಕಲಿಸುತ್ತದೆ. ಆ ಯಂತ್ರಗಳೊಳಗೆ ಸಾವಿರಾರು ಸಣ್ಣಪುಟ್ಟ ತಂತ್ರಾಂಶಗಳಿವೆ. ಒಂದೊಂದರ ಹಿಂದೆಯೂ ಎಲ್ಲೋ ಒಬ್ಬರೋ ಇಬ್ಬರೋ ಇದ್ದಾರೆ. ಅವರಿಗೆ ದಿನವೂ ದೂರು ಬರುತ್ತದೆ.

ದೂರು ಎಂದರೆ ಏನು?

ಕರೆಂಟು ಹೋದಾಗ ವಿದ್ಯುತ್ ಕಚೇರಿಗೆ ಫೋನ್ ಮಾಡಿ “ಕರೆಂಟಿಲ್ಲ” ಎಂದಷ್ಟೇ ಹೇಳಿ ಇಟ್ಟರೆ ಲೈನ್‌ಮ್ಯಾನ್ ಎಲ್ಲಿಗೆ ಹೋಗಬೇಕು? ಕನ್ಸ್ಯೂಮರ್ ನಂಬರ್ ಯಾವುದು, ಪಕ್ಕದ ಮನೆಯಲ್ಲಿ ಇದೆಯೇ, ಫ್ಯೂಸ್ ನೋಡಿದಿರಾ, ಮರ ಬಿದ್ದಿದೆಯೇ ಎಂದು ಆತ ಕೇಳಿಯೇ ಕೇಳುತ್ತಾನೆ. ತಂತ್ರಾಂಶದ ಕಥೆಯೂ ಇದೇ. “ನಿಮ್ಮ ಪ್ರೋಗ್ರಾಂ ಕೆಲಸ ಮಾಡುವುದಿಲ್ಲ, ಬೇಗ ಸರಿ ಮಾಡಿ” ಎಂಬ ಒಂದು ಸಾಲಿನ ಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಪುಟ್ಟಿ ಎಂಬ ಜನಪ್ರಿಯ ತಂತ್ರಾಂಶ ಬರೆದ ಬ್ರಿಟನ್ನಿನ ಸೈಮನ್ ಟಾಥಮ್ 1999ರಲ್ಲೇ ಈ ಕುರಿತು ಒಂದು ಲೇಖನ ಬರೆದಿದ್ದರು. ತಂತ್ರಾಂಶ ಬರೆದವನ ಕಣ್ಣೆದುರಿಗೇ ಅದು ಕೆಟ್ಟು ನಿಲ್ಲುವಂತೆ ತೋರಿಸುವುದೇ ದೂರಿನ ಉದ್ದೇಶ ಎಂಬುದು ಅದರ ತಿರುಳು. ಎದುರಿಗೆ ಕೂರಿಸಿ ತೋರಿಸಲಾಗದಿದ್ದರೆ, ಆತ ತನ್ನ ಮನೆಯಲ್ಲೇ ಅದನ್ನು ಮಾಡಿ ನೋಡುವಷ್ಟು ವಿವರ ಬರೆಯಬೇಕು. ಇಪ್ಪತ್ತೈದು ವರ್ಷ ಕಳೆದರೂ ಆ ಲೇಖನ ಹಳತಾಗಿಲ್ಲ. ಯಾಕೆಂದರೆ ಜನ ಅಂದು ಬರೆದಂತೆಯೇ ಇಂದೂ ಬರೆಯುತ್ತಾರೆ.

ಒಂದು ದೂರು ಬಂದರೆ ಮೊದಲು ಅದು ನಿಜವೇ ಎಂದು ಯಾರಾದರೂ ಪರೀಕ್ಷಿಸಬೇಕು. ಹಿಂದೆ ಬಂದ ದೂರೇ ಮತ್ತೆ ಬಂದಿದೆಯೇ ಎಂದು ಹುಡುಕಬೇಕು. ವಿವರ ಸಾಲದಿದ್ದರೆ ಮರಳಿ ಕೇಳಬೇಕು. ಅರ್ಧದಷ್ಟು ಜನ ಮರಳಿ ಉತ್ತರವನ್ನೇ ಕೊಡುವುದಿಲ್ಲ ಎಂಬ ಗೊಣಗಾಟ ಈ ವಲಯದಲ್ಲಿ ಮಾಮೂಲು. ಆಮೇಲೆ ರಿಪೇರಿ, ಆಮೇಲೆ ರಿಪೇರಿಯಿಂದ ಬೇರೇನಾದರೂ ಕೆಟ್ಟಿತೇ ಎಂಬ ಪರೀಕ್ಷೆ, ಆಮೇಲೆ ಹೊಸ ಆವೃತ್ತಿ. ಲಿನಕ್ಸ್ ವಲಯದ ಹಿರಿಯ ಬಳಗವಾದ ಡೆಬಿಯನ್‌ನ ದೋಷ ಪಟ್ಟಿ 2021ರ ನವೆಂಬರ್‌ನಲ್ಲಿ 10 ಲಕ್ಷದ ಕ್ರಮಸಂಖ್ಯೆ ದಾಟಿತು. ಎಲ್ಲವನ್ನೂ ಮನುಷ್ಯರೇ ಓದಬೇಕು, ಅದೂ ಸಂಬಳವಿಲ್ಲದೆ.

ಕಾರಿನ ರೇಡಿಯೋ ಕೆಟ್ಟರೆ ಸ್ವೀಡನ್ನಿಗೆ ಪತ್ರ!

ಸ್ಟೆನ್‌ಬರ್ಗ್ ಅವರಿಗೆ ಬರುವ ಪತ್ರಗಳು ನಗೆ ತರಿಸುತ್ತವೆ. ಕರ್ಲ್ ಬಳಸಿದವರು ಅದರ ಪರವಾನಗಿ ಪತ್ರವನ್ನು ತಮ್ಮ ಉತ್ಪನ್ನದಲ್ಲಿ ಎಲ್ಲಾದರೂ ಹಾಕಬೇಕು. ಅದರಲ್ಲಿ ಅವರ ಹೆಸರು, ಇ-ಮೇಲ್ ವಿಳಾಸ ಇರುತ್ತದೆ. ಹಾಗಾಗಿ ಕಾರಿನ ಪರದೆಯಲ್ಲಿ ಏನೋ ಕೆಟ್ಟರೆ, ಮಾಲೀಕ ಆ ಪರದೆಯಲ್ಲೇ ತಡಕಾಡಿ, ಸಿಕ್ಕ ಒಂದೇ ಒಂದು ವಿಳಾಸಕ್ಕೆ ಬರೆಯುತ್ತಾನೆ. ಕಾರು ಕಂಪೆನಿಗೆ ಕೋಟಿಗಟ್ಟಲೆ ಲಾಭ, ದೂರು ಮಾತ್ರ ಸ್ವೀಡನ್ನಿನ ಮನೆಗೆ. ಆ ಮಾಲೀಕನನ್ನು ದೂರಿ ಫಲವಿಲ್ಲ. ಅಷ್ಟು ದೊಡ್ಡ ಕಂಪೆನಿಯ ಉತ್ಪನ್ನದಲ್ಲಿ ಮನುಷ್ಯನೊಬ್ಬನ ವಿಳಾಸ ಸಿಗುವುದು ಅದೊಂದೇ ಎಂಬುದರಲ್ಲೇ ವಿಷಯವಿದೆ.

ಎಲ್ಲ ಪತ್ರಗಳೂ ನಗೆಯವಲ್ಲ. 2021ರ ಫೆಬ್ರವರಿಯಲ್ಲಿ ಒಬ್ಬಾತ ಸ್ಟೆನ್‌ಬರ್ಗ್ ಅವರನ್ನು ಕೊಲ್ಲುವುದಾಗಿಯೇ ಬರೆದ. ತನ್ನ ನಷ್ಟಗಳಿಗೆಲ್ಲ ಇವರ ತಂತ್ರಾಂಶವೇ ಕಾರಣ ಎಂಬುದು ಆತನ ನಂಬಿಕೆ. ತಿಂಗಳುಗಳ ನಂತರ ಆತ ಕ್ಷಮೆ ಕೇಳಿದ. ಇನ್ನೊಂದು ಪ್ರಸಂಗ 2022ರ ಜನವರಿಯದು. ಅದಕ್ಕೆ ಮುಂಚಿನ ತಿಂಗಳು ‘ಲಾಗ್‌ಫೋರ್‌ಜೆ’ ಎಂಬ ಬೇರೊಂದು ಸ್ವಯಂಸೇವಕ ತಂತ್ರಾಂಶದಲ್ಲಿ ಭಾರೀ ದೋಷ ಪತ್ತೆಯಾಗಿ ಜಗತ್ತಿಡೀ ಗದ್ದಲವಾಗಿತ್ತು. ಅಮೆರಿಕದ ದೈತ್ಯ ಕಂಪೆನಿಯೊಂದು ಸ್ಟೆನ್‌ಬರ್ಗ್ ಅವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ, ನಿಮ್ಮಲ್ಲಿ ಆ ದೋಷ ಇದೆಯೇ, 24 ಗಂಟೆಯೊಳಗೆ ಉತ್ತರಿಸಿ ಎಂದು ಆಜ್ಞೆ ಮಾಡಿತು. ಕರ್ಲ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಉತ್ತರಿಸಲು ಸಂತೋಷ, ಮೊದಲು ಒಪ್ಪಂದಕ್ಕೆ ಸಹಿ ಹಾಕಿ ಎಂದು ಅವರು ಬರೆದರು. ಮರುಪತ್ರ ಬಂತು. ಅದರಲ್ಲಿ ಅವರ ಹೆಸರು ‘ಡೇವಿಡ್’ ಎಂದಾಗಿತ್ತು! ಡೇವಿಡ್ ಎಂದವರಿಗೆ ಅವರು ‘ಗೋಲಿಯಾತ್’ ಎಂದು ಸಂಬೋಧಿಸಿ ಉತ್ತರಿಸಿದರು. ಬೈಬಲ್ ಕಥೆ ಬಲ್ಲವರಿಗೆ ಇದರ ಮೊನಚು ಅರ್ಥವಾದೀತು.

ಹುಲಿ ಬಂತು ಹುಲಿ

ಬಹುಮಾನದ ವಿಷಯಕ್ಕೆ ಬರೋಣ. ಬಹುಮಾನವಿದ್ದ ಸುಮಾರು ಏಳು ವರ್ಷಗಳಲ್ಲಿ 87 ನಿಜವಾದ ಭದ್ರತಾ ದೋಷಗಳು ಪತ್ತೆಯಾದವು. ಒಂದು ಲಕ್ಷ ಡಾಲರಿಗೂ ಮಿಕ್ಕಿ ಹಣ ಹಂಚಿಕೆಯಾಯಿತು. ಯೋಜನೆ ಸೋತಿತು ಎನ್ನಲು ಬರುವುದಿಲ್ಲ. ಆದರೆ ಕೃತಕ ಬುದ್ಧಿಮತ್ತೆಯ ಚಾಟ್‌ಗಳು ಬಂದ ಮೇಲೆ ಲೆಕ್ಕ ಬದಲಾಯಿತು. ತಂತ್ರಾಂಶದ ಗಂಧಗಾಳಿ ಇಲ್ಲದವರೂ “ಕರ್ಲ್‌ನಲ್ಲಿ ಒಂದು ದೋಷ ಹುಡುಕಿ ಕೊಡು” ಎಂದು ಚಾಟ್‌ಗೆ ಹೇಳಿ, ಅದು ಉಗುಳಿದ್ದನ್ನು ಹಾಗೆಯೇ ಕಳಿಸತೊಡಗಿದರು. ಬಂದರೆ ಡಾಲರ್, ಹೋದರೆ ಒಂದು ಇ-ಮೇಲ್. ಲಾಟರಿ ಟಿಕೆಟಿಗಾದರೂ ದುಡ್ಡು ಕೊಡಬೇಕು, ಇದಕ್ಕೆ ಅದೂ ಇಲ್ಲ.

ಸ್ಟೆನ್‌ಬರ್ಗ್ 2024ರ ಜನವರಿಯಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು. ಚಾಟ್ ಬರೆದ ದೂರಿನ ಅಪಾಯವೆಂದರೆ ಅದು ನೋಡಲು ಬಹಳ ಚೆನ್ನಾಗಿರುತ್ತದೆ. ಭಾಷೆ ಶುದ್ಧ, ವಿವರ ಪುಟಗಟ್ಟಲೆ, ವಿನಯವೂ ಬೇಕಾದಷ್ಟು. ಒಳಗೆ ನೋಡಿದರೆ ಕರ್ಲ್‌ನಲ್ಲಿ ಇಲ್ಲವೇ ಇಲ್ಲದ ಫಂಕ್ಷನ್ನಿನ ಹೆಸರು! ಮೊದಲೆಲ್ಲ ಹುರುಳಿಲ್ಲದ ದೂರನ್ನು ಅದರ ಕೆಟ್ಟ ಬರವಣಿಗೆಯಿಂದಲೇ ಎರಡು ನಿಮಿಷದಲ್ಲಿ ಗುರುತಿಸಿ ಬದಿಗಿಡಬಹುದಿತ್ತು. ಈಗ ಕೊನೆಯವರೆಗೆ ಓದಲೇಬೇಕು. ಭದ್ರತೆಯ ವಿಷಯವಾದ್ದರಿಂದ ಅಲಕ್ಷಿಸುವಂತೆಯೂ ಇಲ್ಲ. ಹುಲಿ ಬಂತು ಹುಲಿ ಎಂದು ನೂರು ಸಲ ಕೂಗಿದರೂ ನೂರಾ ಒಂದನೆಯದು ನಿಜವಾದ ಹುಲಿಯೇ ಆಗಿರಬಹುದು.

2025ರ ಜುಲೈಯಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ. ಬಂದ ಭದ್ರತಾ ದೂರುಗಳಲ್ಲಿ ಸುಮಾರು ಶೇ. 20 ಚಾಟ್ ಬರೆದ ಕಸ. ಆ ವರ್ಷ ಅಲ್ಲಿಯವರೆಗೆ ನಿಜವೆಂದು ಸಾಬೀತಾದದ್ದು ಸುಮಾರು ಶೇ. 5 ಮಾತ್ರ. ಭದ್ರತಾ ತಂಡದಲ್ಲಿ ಇರುವುದು ಏಳು ಜನ. ಒಂದೊಂದು ದೂರನ್ನೂ ಮೂರು ನಾಲ್ಕು ಮಂದಿ ನೋಡಬೇಕು, ಅರ್ಧ ಗಂಟೆಯಿಂದ ಮೂರು ಗಂಟೆಯವರೆಗೂ ಹಿಡಿಯುತ್ತದೆ. ತಂಡದ ಕೆಲವರಿಗೆ ಇಡೀ ವಾರದಲ್ಲಿ ಈ ಕೆಲಸಕ್ಕೆ ಸಿಗುವುದೇ ಮೂರು ಗಂಟೆ! ಒಂದು ಸುಳ್ಳು ದೂರಿಗೆ ಒಬ್ಬ ಸ್ವಯಂಸೇವಕನ ಒಂದು ವಾರ ಹೋಯಿತು ಎಂದಾಯಿತು. ಬಹುಮಾನ ನಿಲ್ಲಿಸುವಾಗ ಬಳಗ ತನ್ನ ಭದ್ರತಾ ಪ್ರಕಟಣೆಯಲ್ಲಿ, ಕಸ ಕಳಿಸಿ ಸಮಯ ಹಾಳು ಮಾಡಿದವರನ್ನು ಬಹಿಷ್ಕರಿಸುವುದಲ್ಲದೆ ಸಾರ್ವಜನಿಕವಾಗಿ ಗೇಲಿ ಮಾಡುವುದಾಗಿಯೂ ಹೇಳಿತು. ಇದು ಕಠಿಣವಾಯಿತು ಎನ್ನುವವರಿದ್ದಾರೆ. ಹೊಸಬನೊಬ್ಬ ಪ್ರಾಮಾಣಿಕವಾಗಿ ತಪ್ಪಿ ಬರೆದರೆ ಅವನಿಗೂ ಗೇಲಿಯೇ? ಗೇಲಿಯ ಮಾತು ಬಿಟ್ಟಿದ್ದರೂ ನಡೆಯುತ್ತಿತ್ತು. ಬಹುಮಾನ ತೆಗೆದದ್ದು ಮಾತ್ರ ಸರಿಯಾದ ಹೆಜ್ಜೆ.

ಹಾಗೆಂದು ಕೃತಕ ಬುದ್ಧಿಮತ್ತೆಯೇ ಕೆಟ್ಟದ್ದು ಎಂದು ಸ್ಟೆನ್‌ಬರ್ಗ್ ಹೇಳುತ್ತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜೋಶುವಾ ರಾಜರ್ಸ್ ಎಂಬ ಭದ್ರತಾ ಸಂಶೋಧಕ ಅಂಥದ್ದೇ ಉಪಕರಣಗಳಿಂದ ಹುಡುಕಿ, ತಾನೇ ಜರಡಿ ಹಿಡಿದು ಕಳಿಸಿದ ಪಟ್ಟಿಯಿಂದ ಕರ್ಲ್‌ನಲ್ಲಿ ಹತ್ತಾರು ತಿದ್ದುಪಡಿಗಳಾದವು. ಸ್ಟೆನ್‌ಬರ್ಗ್ ಅದನ್ನು ಬಾಯ್ತುಂಬ ಹೊಗಳಿದರು. ಉಪಕರಣ ಅದೇ. ಆದರೆ ಇಲ್ಲಿ ಕಳಿಸುವ ಮುನ್ನ ಒಬ್ಬ ಮನುಷ್ಯ ಕೂತು ಓದಿದ್ದ.

ಸಹಾಯ ಕೇಳುವ ನೆಪದಲ್ಲಿ ಕನ್ನ

ಕಸದ ದೂರಿಗಿಂತ ಭಯಾನಕವಾದ ಪ್ರಸಂಗ 2024ರಲ್ಲಿ ನಡೆಯಿತು. ದೂರು, ಸಹಾಯ ಎಂಬ ಈ ವ್ಯವಸ್ಥೆಯನ್ನೇ ಯಾರೋ ಆಯುಧವಾಗಿ ಬಳಸಿದ್ದರು.

‘ಎಕ್ಸ್‌ಝಡ್ ಯುಟಿಲ್ಸ್’ ಎಂಬುದು ಕಡತಗಳನ್ನು ಕುಗ್ಗಿಸಿ ಚಿಕ್ಕದು ಮಾಡುವ ತಂತ್ರಾಂಶ. ಲಿನಕ್ಸ್ ಯಂತ್ರಗಳಲ್ಲೆಲ್ಲ ಇದೆ. ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್ ಒಬ್ಬರೇ. 2021ರ ಕೊನೆಗೆ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಯಾರೋ ಸಣ್ಣಪುಟ್ಟ ತಿದ್ದುಪಡಿ ಕಳಿಸತೊಡಗಿದರು. ಒಳ್ಳೆಯ ಕೆಲಸ, ಸೌಮ್ಯ ಮಾತು. 2022ರ ಮಧ್ಯದಲ್ಲಿ ‘ಜಿಗರ್ ಕುಮಾರ್’, ‘ಡೆನ್ನಿಸ್ ಎನ್ಸ್’ ಮುಂತಾದ ಹೆಸರಿನವರು ಎಲ್ಲಿಂದಲೋ ಬಂದು ಕೊಲಿನ್ ಅವರನ್ನು ಪೀಡಿಸತೊಡಗಿದರು. ತಿದ್ದುಪಡಿಗಳು ಯಾಕೆ ತಡ, ನಿಮಗೆ ಆಸಕ್ತಿ ಇಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಧಾಟಿ. ಕೊಲಿನ್ ಆ ಜೂನ್‌ನಲ್ಲಿ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ತಮಗೆ ದೀರ್ಘಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂಬುದನ್ನೂ ನೆನಪಿನಲ್ಲಿಡಿ ಎಂದರು. ಒತ್ತಡ ನಿಲ್ಲಲಿಲ್ಲ. ಬಳಲಿದ ಮನುಷ್ಯನಿಗೆ ಪಕ್ಕದಲ್ಲೇ ನಿಂತಿದ್ದ ಸಹಾಯದ ಕೈ ಕಂಡಿತು. ಜಿಯಾ ತಾನ್ ಕ್ರಮೇಣ ಸಹ-ನಿರ್ವಾಹಕನಾದ. ಬೀಗದ ಕೈ ಸಿಕ್ಕಿತು.

2024ರ ಫೆಬ್ರವರಿ 24ರಂದು ಬಂದ 5.6.0 ಆವೃತ್ತಿಯಲ್ಲಿ, ಮಾರ್ಚ್ 9ರ 5.6.1ರಲ್ಲಿ, ಒಂದು ಗುಪ್ತ ಹಿಂಬಾಗಿಲು ಇತ್ತು. ಅದು ಎಲ್ಲೆಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಸರ್ವರ್‌ಗಳೊಳಗೆ ಬೀಗವಿಲ್ಲದೆ ನುಗ್ಗಬಹುದಿತ್ತು. ಬ್ಯಾಂಕು, ಆಸ್ಪತ್ರೆ, ಸರಕಾರಿ ಕಚೇರಿಗಳ ಸರ್ವರ್‌ಗಳು ಓಡುವುದೂ ಬಹುಪಾಲು ಲಿನಕ್ಸ್ ಮೇಲೆಯೇ. ಪಿಂಚಣಿಯ ಮಸ್ಟರಿಂಗ್ ಮಾಡಿಸಲು ಅಕ್ಷಯ ಕೇಂದ್ರದಲ್ಲಿ ಸರತಿ ನಿಲ್ಲುವ ಅಜ್ಜಿಗೆ ಫಿನ್ಲೆಂಡಿನ ಈ ಜಗಳ ಸಂಬಂಧಪಡುವುದು ಇಲ್ಲಿ.

ತಪ್ಪಿಸಿದ್ದು ಒಂದು ದೋಷ ವರದಿ! ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಆಂದ್ರೆಸ್ ಫ್ರಾಯಿಂಡ್ ಬೇರೇನೋ ಅಳತೆ ಮಾಡುತ್ತಿದ್ದಾಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುವುದನ್ನು ಗಮನಿಸಿದರು. ಬೇರೆಯವರಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದು ಸುಮ್ಮನಾಗುತ್ತಿದ್ದರು. ಅವರು ಬಿಡದೆ ಬೆನ್ನುಹತ್ತಿ 2024ರ ಮಾರ್ಚ್ 29ರ ಶುಭ ಶುಕ್ರವಾರದಂದು ಎಲ್ಲರ ಮುಂದಿಟ್ಟರು. ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ, ಎಷ್ಟು ಸಮಯ, ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ತಮಗೆ ಖಚಿತವಾಗಿರುವುದೇನು, ಅನುಮಾನವಷ್ಟೇ ಇರುವುದೇನು ಎಲ್ಲವೂ ಅದರಲ್ಲಿತ್ತು. ಟಾಥಮ್ 1999ರಲ್ಲಿ ಹೇಳಿದ್ದು ಇದನ್ನೇ. ಡೆಬಿಯನ್, ಫೆಡೋರಾ ಮುಂತಾದವುಗಳ ಪರೀಕ್ಷಾ ಆವೃತ್ತಿಗಳಿಗೆ ತಲುಪಿದ್ದ ವಿಷ ಅಲ್ಲಿಗೇ ನಿಂತಿತು.

ಜಿಯಾ ತಾನ್ ಯಾರು ಎಂಬುದು ಬಯಲಾಗಿಲ್ಲ. ಒಬ್ಬನೋ, ಒಂದು ತಂಡವೋ, ಒಂದು ಸರಕಾರವೋ ಎಂಬ ಊಹೆಗಳಿವೆ. ಜಿಗರ್ ಕುಮಾರ್ ಎಂಬ ಭಾರತೀಯ ಹೆಸರನ್ನು ನೋಡಿ ನಮ್ಮವನೇ ಎಂದು ತಿಳಿಯಬೇಕಾಗಿಲ್ಲ. ಆ ಹೆಸರಿನ ಹಿಂದೆ ಅಂಥ ಮನುಷ್ಯನಿದ್ದ ಎಂಬುದಕ್ಕೆ ಒಂದು ಪುರಾವೆಯೂ ಇಲ್ಲ. ಕೊಲಿನ್ ಅವರು ಮರಳಿ ಬಂದು, ಹಿಂಬಾಗಿಲನ್ನು ಕಿತ್ತು ಹಾಕಿದ 5.6.2 ಆವೃತ್ತಿಯನ್ನು 2024ರ ಮೇ ಕೊನೆಯಲ್ಲಿ ಹೊರತಂದರು.

ದೊಡ್ಡವರ ಲೆಕ್ಕಾಚಾರ

ಇಂತಹ ಘಟನೆಗಳಾದಾಗಲೆಲ್ಲ ಕಂಪೆನಿಗಳು ಎಚ್ಚೆತ್ತಂತೆ ಮಾತಾಡುತ್ತವೆ. 2014ರಲ್ಲಿ ಓಪನ್ಎಸ್ಎಸ್ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಹೊರಬಿದ್ದಾಗ, ಜಗತ್ತಿನ ಬ್ಯಾಂಕಿಂಗ್ ಗುಟ್ಟು ಕಾಯುವ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಎಂದು ತಿಳಿದು ಎಲ್ಲರೂ ಹೌಹಾರಿದ್ದರು. ಆಗ ಒಂದಿಷ್ಟು ಹಣ ಹರಿದುಬಂತು. ಉಳಿದವರ ಪಾಡು ಹಾಗೆಯೇ ಮುಂದುವರಿಯಿತು.

2025ರಲ್ಲಿ ಈ ಸಿಟ್ಟು ಎರಡು ಕಡೆ ಸ್ಫೋಟಿಸಿತು. ವೀಡಿಯೋ ತೋರಿಸುವ ‘ಎಫ್ಎಫ್‌ಎಂಪೆಗ್’ ತಂತ್ರಾಂಶದಲ್ಲಿ ಗೂಗಲ್ ತನ್ನ ಕೃತಕ ಬುದ್ಧಿಮತ್ತೆಯಿಂದ ಒಂದು ದೋಷ ಹುಡುಕಿತು. ಅದು 1995ರ ಒಂದು ಹಳೆಯ ವೀಡಿಯೋ ಆಟದ ಕಡತ ಓದುವ ಭಾಗದಲ್ಲಿತ್ತು. ದೋಷ ನಿಜವೇ. ಆದರೆ ಕೋಟ್ಯಧಿಪತಿ ಕಂಪೆನಿ ದೋಷ ತೋರಿಸಿ ಗಡುವು ಇಡುವುದು, ರಿಪೇರಿ ಮಾತ್ರ ಬಿಟ್ಟಿ ದುಡಿಯುವವರದೇ? ದುಡ್ಡು ಕೊಡಿ ಅಥವಾ ತಿದ್ದುಪಡಿಯನ್ನೇ ಬರೆದು ಕಳಿಸಿ ಎಂದು ಬಳಗ ಬಹಿರಂಗವಾಗಿಯೇ ಜಗಳಕ್ಕಿಳಿಯಿತು. ‘ಲಿಬ್‌ಎಕ್ಸ್‌ಎಂಎಲ್2’ ನೋಡಿಕೊಳ್ಳುತ್ತಿದ್ದ ನಿಕ್ ವೆಲ್ನ್‌ಹೋಫರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭದ್ರತಾ ದೋಷವನ್ನೂ ಮಾಮೂಲಿ ದೋಷದಂತೆಯೇ ನೋಡುತ್ತೇನೆ, ಗುಟ್ಟಾಗಿಡುವುದಿಲ್ಲ, ಸಮಯ ಸಿಕ್ಕಾಗ ಸರಿ ಮಾಡುತ್ತೇನೆ ಎಂದು 2025ರ ಜೂನ್‌ನಲ್ಲಿ ಘೋಷಿಸಿ, ಆಮೇಲೆ ಹೊಣೆಯನ್ನೇ ಬಿಟ್ಟರು. ಅವರನ್ನು ಬೈಯುವ ಹಕ್ಕು ಯಾರಿಗಿದೆ? ಸಂಬಳವಿಲ್ಲದವನಿಗೆ ಗಡುವಿಲ್ಲ.

ಗೂಗಲ್ ಕಡೆಗೂ ಒಂದು ಮಾತಿದೆ. ಕಂಡ ದೋಷವನ್ನು ಹೇಳದೆ ಇಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು, ಕಳ್ಳನೂ ಅದನ್ನೇ ಕಾಣಬಹುದಲ್ಲ? ಆದರೆ ಸೇತುವೆಯ ಬಿರುಕನ್ನು ತೋರಿಸುವಾತನ ಲಾರಿಗಳೇ ಅದರ ಮೇಲೆ ಅತಿ ಹೆಚ್ಚು ಓಡಾಡುತ್ತಿದ್ದರೆ, ಸಿಮೆಂಟಿಗೂ ಆತ ಕೈ ಹಾಕಬೇಕಾಗುತ್ತದೆ.

ಬಳಕೆದಾರನಿಗೂ ಬಾಯಿ ಬೇಡವೇ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ಅನ್ಯಾಯವಾದೀತು. ತಂತ್ರಾಂಶ ಬರೆಯುವವರು ಎಲ್ಲರೂ ಸಾಧುಗಳಲ್ಲ. “ಮೊದಲು ಕೈಪಿಡಿ ಓದಿ ಬಾ” ಎಂದು ಹೊಸಬರನ್ನು ಗದರಿಸಿ ಅಟ್ಟುವ ಚಾಳಿ ಈ ವಲಯದಲ್ಲಿ ಹಳತು. ಕಷ್ಟಪಟ್ಟು ಬರೆದ ದೂರಿಗೆ ವರ್ಷಗಟ್ಟಲೆ ಉತ್ತರವಿಲ್ಲ. ಒಂದು ದಿನ ಯಂತ್ರವೊಂದು ಬಂದು “ಬಹಳ ದಿನದಿಂದ ಚಲನೆ ಇಲ್ಲ” ಎಂದು ಅದನ್ನು ತಾನಾಗಿಯೇ ಮುಚ್ಚಿ ಹೋಗುವುದೂ ಉಂಟು. ಚಲನೆ ಇಲ್ಲದಿರಲು ಕಾರಣ ಯಾರೂ ಓದದೇ ಇದ್ದದ್ದು! ತಮಾಷೆಯ ದೂರುಗಳೂ ಇವೆ. ಉಬುಂಟು ಪಟ್ಟಿಯ ದೋಷ ಸಂಖ್ಯೆ 1 ಅನ್ನು 2004ರಲ್ಲಿ ಬರೆದವರು ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರೇ. ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ನದೇ ಮೇಲುಗೈ ಎಂಬುದೇ ದೋಷ. 2013ರಲ್ಲಿ, ಫೋನುಗಳ ಕಾಲ ಬಂದ ಮೇಲೆ, ಅದನ್ನು ಮುಚ್ಚಲಾಯಿತು.

ಕನ್ನಡಿಗನ ಪಾಡು ಇನ್ನೂ ಬೇರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವವನಿಗೂ ದೋಷ ಪಟ್ಟಿಯ ಭಾಷೆ ನಾಲ್ಕನೆಯದಾದ ಇಂಗ್ಲಿಷ್. ನಮ್ಮ ಅಕ್ಷರದ ತೊಂದರೆ ಬರ್ಲಿನ್ನಿನಲ್ಲೋ ಬೋಸ್ಟನ್ನಿನಲ್ಲೋ ಕೂತವರ ಕಣ್ಣಿಗೆ ಬೀಳುವುದೂ ಇಲ್ಲ. ಕನ್ನಡ ಓದಲು ಬಾರದವನಿಗೆ ಒತ್ತಕ್ಷರ ತಪ್ಪಿದ್ದು ಹೇಗೆ ಗೊತ್ತಾಗಬೇಕು?

ಒಂದು ಉದಾಹರಣೆ ನೋಡಿ. ‘ಸೂರ್ಯ’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಕೊನೆಗೆ ಹೋಗುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ ಎಂದು ಬರೆಯುವಾಗ ಹಾಗಾಗಬಾರದು, ರಕಾರ ಎದುರಿಗೇ ನಿಂತು ಯಕಾರ ಒತ್ತಾಗಬೇಕು. ಇವೆರಡನ್ನು ಗಣಕಯಂತ್ರ ಬೇರೆ ಮಾಡಿ ತಿಳಿಯಲು ಯೂನಿಕೋಡ್ ನಿಯಮದಂತೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರಬೇಕು. ಕೀಲಿಮಣೆಯಲ್ಲಿ ಆ ಚಿಹ್ನೆಗೆ ಕೀಲಿ ಇಲ್ಲದಿದ್ದರೆ, ಅಥವಾ ನಡುವೆ ಯಾವುದೋ ತಂತ್ರಾಂಶ ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ಗುಡಿಸಿದರೆ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಓದುಗ ಸಂಪಾದಕರನ್ನು ಬೈಯುತ್ತಾನೆ. ಮಲಯಾಳದ ಚಿಲ್ಲಕ್ಷರಕ್ಕೂ ಇದೇ ಗತಿಯಾಗಿತ್ತು. ಮೊದಲು ಅದನ್ನೂ ಕಾಣದ ಚಿಹ್ನೆ ಸೇರಿಸಿಯೇ ಬರೆಯುತ್ತಿದ್ದರು. 2008ರ ಯೂನಿಕೋಡ್ 5.1 ಅದಕ್ಕೆ ಪ್ರತ್ಯೇಕ ಸಂಕೇತ ಕೊಟ್ಟಿತು. ಪರಿಣಾಮ, ಒಂದೇ ಪದಕ್ಕೆ ಎರಡು ಬರಹ. ಕಣ್ಣಿಗೆ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ! ಕೇರಳದಲ್ಲಿ ಈ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗ ಫಾಂಟುಗಳನ್ನು ಕಟ್ಟಿ, ದೋಷ ಹೆಕ್ಕಿ, ತಿದ್ದಿ ಕಳಿಸಿ ಮಲಯಾಳವನ್ನು ಯಂತ್ರಕ್ಕೆ ಒಗ್ಗಿಸಿದೆ. ಕನ್ನಡಕ್ಕೂ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್‌ನಲ್ಲಿವೆ. ಆದರೆ ಮಲಯಾಳಕ್ಕಿರುವಂತಹ, ಎರಡು ದಶಕ ಎಡೆಬಿಡದೆ ದುಡಿದ ಬಳಗದ ಬಲ ಕನ್ನಡಕ್ಕೆ ಸಿಕ್ಕಿಲ್ಲ ಎಂದೇ ಹೇಳಬೇಕು.

ತೆಲುಗಿನ ಒಂದು ಪ್ರಸಂಗ ಆಂಧ್ರ ಗಡಿಯ ಓದುಗರಿಗೆ ನೆನಪಿರಬಹುದು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ, ನಡುವೆ ಒಂದು ಕಾಣದ ಚಿಹ್ನೆಯೊಂದಿಗೆ ಬಂದರೆ, ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಸಂದೇಶವಾಗಿ ಕಳಿಸಿದರೆ ಪಡೆದವನ ಫೋನು ಕಂಗಾಲು. ಆ್ಯಪಲ್ ಅದೇ ತಿಂಗಳು 11.2.6 ಆವೃತ್ತಿ ತಂದು ಸರಿಪಡಿಸಿತು. ಇಂಗ್ಲಿಷರ ಫೋನೂ ಬೀಳುತ್ತಿತ್ತಲ್ಲ, ಅದಕ್ಕೇ ಅಷ್ಟು ಬೇಗ! ಬರೇ ಅಕ್ಷರ ವಕ್ರವಾಗಿ ಮೂಡಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ.

ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ಜೋಡಿಸಿ ಮೂಡಿಸುವ ಕೆಲಸವನ್ನು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಮಾಡುವುದು ‘ಹರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ. ಹೆಸರು ಪಾರ್ಸಿ ಭಾಷೆಯದು, ಕಟ್ಟಿದವರು ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್. ಅಲ್ಲಿ ಒಂದು ದೋಷ ಸರಿಯಾದರೆ ನಾಲ್ಕೂ ಕಡೆ ಸರಿಯಾಗುತ್ತದೆ. ಆದರೆ “ಕನ್ನಡ ಸರಿ ಬರುತ್ತಿಲ್ಲ” ಎಂದರೆ ಅವರಿಗೇನೂ ತಿಳಿಯದು. ಯಾವ ಫೋನು ಅಥವಾ ಗಣಕ, ಯಾವ ಆ್ಯಪ್, ಅದರ ಆವೃತ್ತಿ, ಯಾವ ಫಾಂಟು, ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದ್ದು ಎಂದು ಬರೆಯಬೇಕು. ಆ ಪದವನ್ನು ನಕಲಿಸಿ ಅಂಟಿಸಬೇಕು, ಯಾಕೆಂದರೆ ಚಿತ್ರದಲ್ಲಿ ಕಾಣದ ಚಿಹ್ನೆ ಕಾಣುವುದಿಲ್ಲ. ಪರದೆಯ ಚಿತ್ರವನ್ನೂ ಜತೆಗಿಡಬೇಕು, ಯಾಕೆಂದರೆ ಅಂಟಿಸಿದ ಪದ ಅವರ ಪರದೆಯಲ್ಲಿ ಬೇರೆ ಥರ ಮೂಡಬಹುದು. ಕೊನೆಗೆ ಕಾಗದದ ಮೇಲೆ ಕೈಯಲ್ಲೇ ಬರೆದು ಫೋಟೋ ತೆಗೆದು, ಹೀಗೆ ಬರಬೇಕಿತ್ತು ಎಂದು ತೋರಿಸಿದರೆ ಕನ್ನಡವೇ ಬಾರದವನಿಗೂ ವಿಷಯ ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಹರಕುಮುರುಕಾದರೂ ಚಿಂತೆಯಿಲ್ಲ. ಚಾಟ್‌ನಿಂದ ನುಣುಪು ಮಾಡಿಸಿದ ಪತ್ರಗಳನ್ನೇ ಓದಿ ಬೇಸತ್ತವರಿಗೆ ಈಗ ಹರಕು ಇಂಗ್ಲಿಷ್ ಕಂಡರೆ ಮನುಷ್ಯನೇ ಬರೆದದ್ದೆಂಬ ನಂಬಿಕೆಯಾದರೂ ಬರುತ್ತದೆ.